ಉಡಿದಾರದ ಕೇರುಬೀಜ

ಹಿರೇಬಾವಿಕೊಪ್ಪದ ಹಳೆಯ ಬಾವಿಯ ಮಗ್ಗುಲಲ್ಲಿ ತಗಡು ಹೊದಿಸಿದ ಎರಡಂಕಣದ ಮನೆಯೊಂದಿತ್ತು. ಭಕ್ತರು ಅದನ್ನು ಮಠವೆಂದು ಕರೆದರು. ಅಲ್ಲಿ ವಾಸವಾಗಿದ್ದ ಪೂಜ್ಯ ಮುರಿಗೆಮ್ಮ ತಾಯಿಯವರು ಮಾತ್ರ ಕೊನೆಯವರೆಗೂ ಅದನ್ನು ‘ಅಡಿಗಿಮನಿ’ ಎಂದೇ ಅನ್ನುತ್ತಿದ್ದರು. ಬೆಳಗಿನ ಲಿಂಗಪೂಜೆ ಮುಗಿಯುತ್ತಲೇ ಬೀಸುವ ಕಲ್ಲಿನ ಮುಂದೆ ಕೂತುಬಿಡುವರು. ದಾರಿಹೋಕರಿಗೆ, ಕೂಲಿಯವರಿಗೆ, ಹಸಿದು ಬಂದ ಯಾರಿಗೇ ಆಗಲಿ ರೊಟ್ಟಿ ತಟ್ಟಿ ಬಡಿಸುವುದು ಅವರ ಪೂಜೆಯ ಉಳಿದರ್ಧ. ಆಶೀರ್ವಾದ ಬೇಡಿ ಬಂದವರಿಗೂ ಮೊದಲು ರೊಟ್ಟಿ, ಆಮೇಲೆ ವಿಭೂತಿ.

ಈಗ ಹೇಳುವ ಪ್ರಸಂಗವನ್ನು ಪವಾಡವೆಂದು ಸಾರುವವರಿದ್ದಾರೆ. ತಾಯಿಯವರು ಒಂದು ಕೂಸಿನ ರೋಗವನ್ನು ತಮ್ಮ ಮೈಗೆ ಎಳೆದುಕೊಂಡರು ಎಂದು ಹೇಳಿ, ಕಣ್ಣಿಗೆ ಸೆರಗು ಒತ್ತಿಕೊಂಡು, ಕತೆಯನ್ನು ಅಲ್ಲಿಗೇ ಮುಗಿಸಿಬಿಡುತ್ತಾರೆ. ಹಾಗೆ ಮುಗಿಸುವುದು ಬಲು ಸುಲಭ. ಕೇಳಿದವರು ಕೈಮುಗಿದು ಎದ್ದು ಹೋಗಬಹುದು, ಮನೆಗೆ ಹೋಗಿ ಮತ್ತೆ ಸೊಸೆಯನ್ನು ಬೈಯಬಹುದು! ನಡೆದದ್ದನ್ನು ನಡೆದ ಹಾಗೆ ಹೇಳದಿದ್ದರೆ ಆ ಮಹಾತಾಯಿಗೆ ನಾವು ಮಾಡುವ ಅಪಚಾರ ಅದೇ.

ಒಂದು ದಿನ ಹೊತ್ತೇರುವ ಮೊದಲೇ ಫಕ್ಕೀರವ್ವ ಎಂಬ ಹಿರಿಯಳು ಅಲ್ಲಿಗೆ ಬಂದಳು. ಊರಲ್ಲಿ ಒಳ್ಳೆಯ ಹೆಸರಿದ್ದ ಹೆಂಗಸು, ಆದರೆ ಅವಳ ಸಿಟ್ಟು ಅವಳಿಗಿಂತ ಮೊದಲು ಹೊಸ್ತಿಲು ದಾಟುತ್ತಿತ್ತು. ಹಿಂದೆ ಸೊಸೆ ಸಾವಕ್ಕ ಇದ್ದಳು. ಅವಳ ಎಡ ಸೊಂಟದ ಮೇಲೆ ಈಗಷ್ಟೇ ತಪ್ಪುಹೆಜ್ಜೆ ಇಡಲು ಕಲಿತ ಮಗಳು ಚಂದ್ರಿ, ಬಲಗೈಯಲ್ಲಿ ತನ್ನವೇ ಸೀರೆಗಳ ಒಂದು ಗಂಟು. ಆ ಗಂಟನ್ನು ಕಟ್ಟಿದವಳು ಫಕ್ಕೀರವ್ವ. ಇಲ್ಲಿಂದಲೇ ಸೊಸೆಯನ್ನು ತವರಿನ ಬಸ್ಸಿಗೆ ಹತ್ತಿಸಿ, ಕೂಸನ್ನು ತಾನು ಮನೆಗೆ ಒಯ್ಯುವುದೆಂದು ಅವಳು ತೀರ್ಮಾನಿಸಿಯೇ ಹೊರಟಿದ್ದಳು. ಮಗ ಏನನ್ನೂ ಅನ್ನದೆ ತಲೆ ತಗ್ಗಿಸಿದ್ದ. ಅದನ್ನೇ ಒಪ್ಪಿಗೆ ಎಂದುಕೊಂಡಿದ್ದಳು. ಇನ್ನು ಬೇಕಾಗಿದ್ದದ್ದು ತಾಯಿಯವರ ಬಾಯಿಂದ ಒಂದು ಹೂಂ ಮಾತ್ರ.

ಕುಳಿತುಕೊಳ್ಳುವ ಮೊದಲೇ ಶುರುಮಾಡಿದಳು.

“ಈ ಕೂಸಿನ ಮೈ ನೋಡ್ರಿ ಯವ್ವಾ. ಹುಟ್ಟಿದಾಗ ಬೆಣ್ಣಿಹಂಗ ಇತ್ತರಿ. ಈಗ ಹಗಲೂ ಕೆರಕೋತೈತಿ, ನಿದ್ದ್ಯಾಗೂ ಕೆರಕೋತೈತಿ. ದವಾಖಾನಿ ಮುಲಾಮು ಹಚ್ಚಿದ್ರ ನಾಕು ದಿನ ಇಳೀತೈತಿ, ಮತ್ತ ಏಳ್ತೈತಿ. ಈಕಿ ಹಾಲಿನಾಗ ನಂಜೈತ್ರಿ. ಕುಡಿಸಿ ಕುಡಿಸಿ ಕೂಸಿನ ರಕ್ತಾನ ಕೆಡಿಸಿಬಿಟ್ಟಾಳ.”

ಸಾವಕ್ಕ ಕೂಸಿನ ಕೆರೆಯುವ ಕೈಯನ್ನು ಹಿಡಿದುಕೊಂಡಳು. ಅವಳು ಮಾತಾಡುವುದನ್ನು ಬಿಟ್ಟು ಬಹಳ ದಿನವಾಗಿತ್ತು.

“ಮೊದಲ ಉಣ್ರಿ,” ಎಂದರು ತಾಯಿಯವರು.

ತಾಟಿನಲ್ಲಿ ಬಿಸಿ ರೊಟ್ಟಿ, ಬದನೆಕಾಯಿ ಪಲ್ಲೆ ಬಂದವು. ಸಾವಕ್ಕನ ತಾಟಿಗೆ ಪಲ್ಲೆ ಬೀಳುವ ಮೊದಲೇ ಫಕ್ಕೀರವ್ವ ಅಡ್ಡ ಕೈ ಹಿಡಿದಳು. “ಆಕಿಗೆ ಬ್ಯಾಡ್ರಿ! ಬದನಿಕಾಯಿ ನಂಜು. ಪಥ್ಯ ಐತಿ.” ಆಮೇಲೆ ತಾನೇ ತಂದಿದ್ದ ಡಬ್ಬಿ ತೆಗೆದು, ಮೆಣಸಿನ ಸಾರು ಕಲಸಿದ ಅನ್ನವನ್ನು ಸೊಸೆಯ ಮುಂದಿಟ್ಟಳು. ಬದನೆಕಾಯಿ ಇಲ್ಲ, ಶೇಂಗಾ ಇಲ್ಲ, ಮೊಸರಿಲ್ಲ, ಬೆಲ್ಲವೂ ಇಲ್ಲ. ಕೂಸಿನ ಮೈ ಕೆಟ್ಟಾಗಿನಿಂದ ಇದೇ ಊಟ. ಸಾವಕ್ಕನ ಬಳೆಗಳು ಮುಂಗೈಯಿಂದ ಮೊಣಕೈವರೆಗೆ ತಾವಾಗಿಯೇ ಜಾರುತ್ತಿದ್ದವು. ಹಾಲೂಡುವ ಹೆಂಗಸನ್ನು ಹೀಗೆ ಒಣಗಿಸಿ, ಅವಳ ಹಾಲನ್ನೇ ವಿಷವೆಂದು ಊರಿಗೆಲ್ಲ ಸಾರಿದ್ದರು. ಓಣಿಯವರು, ನೆಂಟರು, ತವರಿನ ದೊಡ್ಡಮ್ಮ ಕೂಡ ಹೌದು ಹೌದೆಂದು ತಲೆಯಾಡಿಸಿದ್ದರು! ಇಂಥ ಮಾತಿಗೆ ತಲೆಯಾಡಿಸಲು ಯಾವ ಕಾಲದಲ್ಲೂ ಜನರಿಗೆ ಕೊರತೆಯಿಲ್ಲ.

ತಾಯಿಯವರು ಡಬ್ಬಿಯ ಕಡೆ ನೋಡಿದರು. ಅವರ ಮುಖ ಬಿಗಿದುಕೊಂಡಿತು. ಕೂಸನ್ನು ತಮ್ಮ ಮಡಿಲಿಗೆ ತೆಗೆದುಕೊಂಡು ಅಂಗಿ ಬಿಚ್ಚಿದರು.

ಚಂದ್ರಿಯ ನಡುವಿನಲ್ಲಿ ಕರಿಯ ಉಡಿದಾರವಿತ್ತು. ಅದರಲ್ಲಿ ಕರಿಮಣಿಗಳ ನಡುನಡುವೆ ಪೋಣಿಸಿದ್ದವು ಕೇರುಬೀಜಗಳು. ಗುಡ್ಡದ ಕೇರುಮರದ ಬೀಜ ಅದು. ಅಗಸರು ಬಟ್ಟೆಗೆ ಅಳಿಸದ ಗುರುತು ಹಾಕುವುದು ಅದರ ಕಪ್ಪು ರಸದಿಂದಲೇ. ದೃಷ್ಟಿ ತಾಗದಿರಲೆಂದು ಆ ಸೀಮೆಯಲ್ಲಿ ಕೂಸುಗಳಿಗೆ ಕಟ್ಟುತ್ತಾರೆ. ಮಿಕ್ಕವರು ಒಂದು ಕಟ್ಟಿದರೆ ಫಕ್ಕೀರವ್ವ ಸಾಲು ಕಟ್ಟಿದ್ದಳು. ಮೈ ಕೆರೆತ ಹೆಚ್ಚಿದಾಗಲೆಲ್ಲ ದೃಷ್ಟಿ ಹೆಚ್ಚಿತೆಂದು ಬಗೆದು, ಪ್ರತಿ ಅಮಾವಾಸ್ಯೆಗೂ ಹೊಸ ಬೀಜ ಚುಚ್ಚಿ ಪೋಣಿಸುತ್ತಿದ್ದಳು.

ತಾಯಿಯವರು ಬಹಳ ಹೊತ್ತು ಕೂಸನ್ನು ಸುಮ್ಮನೆ ಆಡಲು ಬಿಟ್ಟರು. ಚಂದ್ರಿ ಉಡಿದಾರದ ಬೀಜಗಳನ್ನು ಗಿಲಕಿಯಂತೆ ಹಿಡಿದು ಎಳೆದಳು, ಬಾಯಿಗಿಟ್ಟಳು, ಅದೇ ಕೈಯಿಂದ ಕೆನ್ನೆ ತಿಕ್ಕಿದಳು, ಆಮೇಲೆ ಅಳುತ್ತ ಹೊಟ್ಟೆ ಕೆರೆದುಕೊಂಡಳು. ಅವಳ ನಡುವಿನ ಸುತ್ತ ಚರ್ಮ ಕೆಂಪಾಗಿ ರಸ ಒಸರುತ್ತಿತ್ತು. ತೊಡೆಯ ಮೇಲೆ, ಕೆನ್ನೆಯ ಮೇಲೆ ಗುಳ್ಳೆಗಳು. ಬೆನ್ನು ಮಾತ್ರ ನುಣ್ಣಗಿತ್ತು.

ಅಳುವ ಕೂಸನ್ನು ಎತ್ತಿಕೊಳ್ಳಲು ಸಾವಕ್ಕ ಬಗ್ಗಿದಾಗ ಸೆರಗು ಸರಿಯಿತು. ಅವಳ ಎಡ ಸೊಂಟದಲ್ಲೂ ಅಂಥವೇ ಗುಳ್ಳೆಗಳಿದ್ದವು.

“ನೋಡ್ರಿ, ನೋಡ್ರಿ!” ಎಂದು ಫಕ್ಕೀರವ್ವ ಎದ್ದೇ ನಿಂತಳು. “ಆಕಿ ಮೈಯಾಗೂ ಐತಿ. ಆಕಿಯಿಂದನ ಕೂಸಿಗೆ ಬಂದೈತಿ. ಇನ್ನೇನ್ರೀ ಸಾಕ್ಷಿ ಬೇಕು?”

ತಾಯಿಯವರು ತಲೆ ಎತ್ತಿದರು. “ಫಕ್ಕೀರವ್ವ, ನಿನ್ನ ಕೈ ತೋರಸು.”

ಫಕ್ಕೀರವ್ವ ಗಕ್ಕನೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. “ನನ್ನ ಕೈಗೇನಾಗೇತ್ರಿ? ಬೂದ್ಯಾಗ ಭಾಂಡಿ ತಿಕ್ಕಿ ಒಡದಾವು.”

“ತೋರಸು.”

ಆ ದನಿಗೆ ಎದುರಾಡಲು ಆಗಲಿಲ್ಲ. ಅವಳ ಹೆಬ್ಬೆರಳು ತೋರುಬೆರಳುಗಳ ತುದಿಗಳು ಕಪ್ಪುಗಟ್ಟಿ ಸಿಪ್ಪೆಯೇಳುತ್ತಿದ್ದವು. ಬೆರಳ ಸಂದಿನಲ್ಲಿ ಅವೇ ಗುಳ್ಳೆಗಳು.

“ಕೂಸಿನ ನಡ. ಕೂಸನ್ನ ಎತ್ತಿಕೊಳ್ಳೋ ತಾಯಿ ಸೊಂಟ. ಬೀಜ ಪೋಣಿಸೋ ನಿನ್ನ ಬೆರಳು,” ಎಂದರು ತಾಯಿಯವರು. “ಇವು ತಾಗಿದಲ್ಲೆಲ್ಲಾ ಮೈ ಎದ್ದೈತಿ. ಈಕಿ ಹಾಲು ನೀನೂ ಕುಡದೇನು, ಫಕ್ಕೀರವ್ವ?”

ಸೇವೆಗೆಂದು ಬಂದು ಒಳಗೆ ರೊಟ್ಟಿ ತಟ್ಟುತ್ತಿದ್ದ ಹೆಂಗಸರ ಕೈ ನಿಂತಿತು. ಫಕ್ಕೀರವ್ವನಿಗೆ ಅವಮಾನ ಒಂದು ಕಡೆ, ಅದಕ್ಕಿಂತ ದೊಡ್ಡ ಭಯ ಇನ್ನೊಂದು ಕಡೆ. ತಾಯಿಯವರ ಕೈ ಉಡಿದಾರದ ಗಂಟಿನ ಕಡೆ ಹೋಗುತ್ತಲೇ ಅವಳು ನಡುವೆ ಬಂದು ಕೂಸನ್ನು ಕಸಿದುಕೊಂಡಳು.

“ಬಿಚ್ಚಾಕ ಬಿಡಂಗಿಲ್ಲ! ನನ್ನ ಮೊದಲ್ನೇ ಮಗಳು ಇಷ್ಟ ದೊಡ್ಡಾಕಿ ಇದ್ಳು. ಬಾವಿಕಟ್ಟಿ ಮ್ಯಾಲೆ ಯಾವಾಕಿನೋ ‘ಏನ್ ಚಂದ ಐತಿ ಕೂಸು’ ಅಂದ್ಳು. ಅವತ್ತ ಸಂಜಿಕೆ ಜ್ವರ ಬಂತು, ಹೋಗಿಬಿಟ್ಳು. ಆಕಿ ನಡಕ್ಕ ನಾ ಒಂದ ಬೀಜ ಕಟ್ಟಿದ್ದಿಲ್ಲ. ಒಂದ ಬೀಜ!” ಆ ಸಂಕಟದಲ್ಲಿ ಯಾರಿಗೂ ಅನ್ನಬಾರದ ಮಾತೊಂದನ್ನು ಅಂದುಬಿಟ್ಟಳು. “ಹಡದು ಕಳಕೊಂಡು ಗೊತ್ತಿಲ್ಲ ನಿಮಗ. ನೀವೇನ ಬಲ್ರಿ?”

ಮಕ್ಕಳಿಲ್ಲದ ಆ ಸಂತರನ್ನು ಹೀಗೆ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಅಡುಗೆಮನೆಯಿಂದ ಒಬ್ಬಳು ಫಕ್ಕೀರವ್ವನನ್ನು ಹೊರಗೆ ಹಾಕಲೆಂದೇ ಎದ್ದು ಬಂದಳು. ತಾಯಿಯವರು ಕೈಸನ್ನೆಯಿಂದ ಅವಳನ್ನು ತಡೆದರು. ಅವರ ಕಣ್ಣು ಒದ್ದೆಯಾಗಿತ್ತು. ಅವರು ತಮ್ಮ ಎಡತೋಳಿನ ಕುಪ್ಪಸ ಮೇಲಕ್ಕೆ ಸರಿಸಿ ತೋಳನ್ನು ಮುಂದೆ ಚಾಚಿದರು.

“ದೃಷ್ಟಿ ತಾಗೂದಿದ್ರ ನನಗ ತಾಗಲಿ. ಅದನ್ನ ನನ್ನ ತೋಳಿಗೆ ಕಟ್ಟು. ಕೂಸನ್ನ ನಾ ಕಾಯ್ತೀನಿ.”

ತಾಯಿಯವರೇ ಕಾಯುತ್ತೇನೆಂದ ಮೇಲೆ ಫಕ್ಕೀರವ್ವ ಕೂಸನ್ನು ಕೆಳಗಿಳಿಸಿದಳು. ಅವಳು ಉಡಿದಾರ ಬಿಚ್ಚಿ ಆ ತೋಳಿಗೆ ಕಟ್ಟಿದಳು. ಕಟ್ಟುವಾಗಲೂ ಮನಸ್ಸಿನಲ್ಲಿ ಸಿಟ್ಟೇ ಇತ್ತು. ಎರಡು ದಿನ ಇದ್ದು, ಇವರ ಮಾತು ಸುಳ್ಳೆಂದು ತೋರಿಸಿ, ಸೊಸೆಯನ್ನು ಬಸ್ಸಿಗೆ ಹತ್ತಿಸಿಯೇ ಹೋಗುತ್ತೇನೆ ಎಂದುಕೊಂಡಳು. ಸಾವಕ್ಕನ ಗಂಟು ಮೂಲೆಯಲ್ಲಿ ಹಾಗೆಯೇ ಕುಳಿತಿತ್ತು.

ತಾಯಿಯವರು ಕೂಸಿಗೆ ಸ್ನಾನ ಮಾಡಿಸಿ ಕೊಬ್ಬರಿ ಎಣ್ಣೆ ಸವರಿದರು. ಕೂಸಿನ ಅಂಗಿ, ಕೌದಿ, ಸಾವಕ್ಕ ಉಟ್ಟ ಸೀರೆ ಎಲ್ಲವನ್ನೂ ಬಿಸಿನೀರಿನಲ್ಲಿ ಒಗೆಸಿ ಬಿಸಿಲಿಗೆ ಹಾಕಿಸಿದರು. ಮಂತ್ರವಿಲ್ಲ, ತಂತ್ರವಿಲ್ಲ. ಕೈ ತೊಳೆದುಕೊಂಡು ಮತ್ತೆ ಬೀಸುವ ಕಲ್ಲಿನ ಮುಂದೆ ಕುಳಿತರು.

ಫಕ್ಕೀರವ್ವ ಕೂಸನ್ನು ಬಿಟ್ಟು ಕದಲಲಿಲ್ಲ. ಹಣೆ ಮುಟ್ಟಿ ಮುಟ್ಟಿ ನೋಡಿದಳು. ಈಗ ಬಂತು ಜ್ವರ, ಈಗ ಬಂತು ಎಂದು ಕಾದಳು. ಜ್ವರ ಬರಲಿಲ್ಲ. ಮರುದಿನ ಮಧ್ಯಾಹ್ನ ಚಂದ್ರಿ ತಾಯಿಯ ಮೊಲೆ ಕುಡಿಯುತ್ತಲೇ ನಿದ್ದೆಹೋದಳು. ಒಮ್ಮೆಯೂ ಕೆರೆದುಕೊಳ್ಳದೆ ಸಂಜೆಯವರೆಗೆ ಮಲಗಿದಳು. ಕೂಸು ಅಷ್ಟು ಹೊತ್ತು ಮಲಗಿದ್ದನ್ನು ಫಕ್ಕೀರವ್ವ ಯಾವಾಗ ನೋಡಿದ್ದಳೋ ಅವಳಿಗೇ ನೆನಪಿರಲಿಲ್ಲ.

ಅದೇ ಹೊತ್ತಿಗೆ ತಾಯಿಯವರ ತೋಳು ಕೆಂಪೇರಿತ್ತು. ಅದರ ಮರುದಿನ ಬೀಜ ಕೂತಲ್ಲೆಲ್ಲ ಗುಳ್ಳೆಯೆದ್ದು ತೋಳು ಬಾತುಕೊಂಡಿತು. ಅವರು ಉಡಿದಾರ ಸಡಿಲಿಸಲಿಲ್ಲ, ಬೀಸುವುದನ್ನೂ ನಿಲ್ಲಿಸಲಿಲ್ಲ. ಕಲ್ಲು ತಿರುಗಿದಂತೆಲ್ಲ ದಾರ ಹುಣ್ಣಿಗೆ ಉಜ್ಜುತ್ತಿತ್ತು. ಒಂದೆರಡು ಬಾರಿ ಅವರ ಕೈ ತಾನಾಗಿ ಕೆರೆಯಲು ಹೋಗಿ ಅರ್ಧದಲ್ಲೇ ನಿಂತಿತು.

ಫಕ್ಕೀರವ್ವ ಅದನ್ನು ನೋಡಿದಳು. ದೊಡ್ಡವರು, ವ್ರತನೇಮದಲ್ಲಿ ಮೈ ಪಳಗಿಸಿದವರು, ಅವರಿಗೇ ಹೀಗೆ. ಮಾತು ಬಾರದ ಕೂಸು ಎಷ್ಟು ಅಮಾವಾಸ್ಯೆ ಇದನ್ನು ನಡುವಿನಲ್ಲಿ ಹೊತ್ತಿತ್ತು? ಅತ್ತಾಗಲೆಲ್ಲ ತಾನು ಮಾಡಿದ್ದೇನು? ಇನ್ನೊಂದು ಬೀಜ ಕಟ್ಟಿದ್ದು. ಅವಳ ಒಡಲಲ್ಲಿ ಇಷ್ಟು ದಿನ ಸೊಸೆಯ ಮೇಲೆ ಉರಿಯುತ್ತಿದ್ದ ಸಿಟ್ಟೆಲ್ಲ ಒಮ್ಮೆಗೇ ತಿರುಗಿ ಅವಳನ್ನೇ ಸುಟ್ಟಿತು. ಓಡಿಬಂದು ಬೀಸುವ ಕಲ್ಲಿನ ಗೂಟ ಹಿಡಿದು ನಿಲ್ಲಿಸಿದಳು.

“ಬಿಚ್ತೀನ್ರಿ ಯವ್ವಾ. ಕೈ ಕೊಡ್ರಿ. ಸಾಕ್ರಿ.”

“ಇನ್ನಾ ಅನುಮಾನ ಐತೇನು?” ಎಂದು ಕೇಳಿದರು ತಾಯಿಯವರು. “ಇದ್ರ ಇರಲಿ. ಅದು ಹೋಗೂತನಕ ನಾ ಕಟ್ಟಿಕೊಂಡಿರ್ತೀನಿ.”

ಫಕ್ಕೀರವ್ವ ಆ ತೋಳಿನ ಮೇಲೆ ಹಣೆಯಿಟ್ಟು ಅತ್ತಳು. ತಾನು ಕಟ್ಟಿದ ಗಂಟನ್ನು ತಾನೇ ಬಿಚ್ಚಿ, ಬಾವಿಯಿಂದ ದೂರ ಹೋಗಿ, ನೆಲ ಅಗೆದು ಆ ಬೀಜಗಳನ್ನು ಹೂಳಿದಳು. ತಿರುಗಿ ಬಂದು ಪಾದ ಹಿಡಿಯಲು ಬಾಗಿದಾಗ ತಾಯಿಯವರು ಕಾಲು ಹಿಂದೆಗೆದರು. ಅವರಿಗೆ ಕೋಪ ಬಂದದ್ದನ್ನು ಕಂಡವರು ಕಡಿಮೆ. ಅಂದು ಅಲ್ಲಿದ್ದವರು ಕಂಡರು.

“ಮಗಳನ್ನ ಕಳಕೊಂಡಾಕಿ ನೀನು, ನಿನ್ನ ಅಂಜಿಕಿ ನನಗ ತಿಳೀತೈತಿ. ಹಸಿದ ತಾಯಿ ಮುಂದ ಆ ಡಬ್ಬಿ ಇಟ್ಟಿಯಲ್ಲ, ಅದು ತಿಳಿಯಂಗಿಲ್ಲ. ನನ್ನ ಕಾಲು ಬಿಡು. ಆಕಿಗೆ ಉಣ್ಣಾಕ ಹಾಕು.”

ಫಕ್ಕೀರವ್ವ ಅಡುಗೆಮನೆಗೆ ಹೋದಳು. ಎಳೆಯ ಬದನೆಕಾಯಿ ಸೀಳಿ, ಶೇಂಗಾಪುಡಿ, ಗುರೆಳ್ಳು, ಬೆಲ್ಲ ಎಲ್ಲ ತುಂಬಿ ಎಣ್ಣೆಗಾಯಿ ಮಾಡಿದಳು. ಒಡೆದ ಬೆರಳುಗಳಿಗೆ ಖಾರ ತಾಗಿ ಉರಿಯಿತು, ಆದರೂ ಯಾರಿಗೂ ಕೈಹಾಕಗೊಡಲಿಲ್ಲ. ರೊಟ್ಟಿ ಸುಟ್ಟು, ತಾಟಿಗೆ ಬೆಣ್ಣೆ ಹಾಕಿ, ಸೊಸೆಯ ಮುಂದೆ ಇಟ್ಟು ಎದುರಿಗೆ ಕುಳಿತಳು. ತಪ್ಪಾಯಿತು ಎನ್ನಲು ಬಾಯಿ ತೆರೆದವಳು ಇನ್ನಷ್ಟು ಬೆಣ್ಣೆ ಹಾಕಿದಳು.

ಕೂಸಿನ ಮೈ ಪೂರಾ ಗುಣವಾಗಲು ಮುಂದೆ ಬಹಳ ದಿನ ಹಿಡಿಯಿತು. ತಾಯಿಯವರ ತೋಳಿನ ಕಲೆ ಅವರು ಲಿಂಗೈಕ್ಯರಾಗುವವರೆಗೂ ಅಳಿಯಲಿಲ್ಲ. ಅದನ್ನು ಪೂಜಿಸಲು ಬಂದವರನ್ನು ಅವರು ಗದರಿಸಿ ಕಳಿಸುತ್ತಿದ್ದರು. ಅಂದು ಅಲ್ಲಿದ್ದವರು ನೆನೆಯುವುದು ಆ ಕಲೆಯನ್ನಲ್ಲ, ಆ ಊಟವನ್ನು.

ಸಾವಕ್ಕ ಒಂದು ತುತ್ತು ತಿಂದಳು. ನಿಧಾನವಾಗಿ ಅಗಿದಳು. ಅಷ್ಟು ದಿನ ಬಾಯಿ ಬಿಡದಿದ್ದವಳು ತಲೆಯೆತ್ತಿ ಅತ್ತೆಯನ್ನು ನೆಟ್ಟಗೆ ನೋಡಿದಳು.

“ಉಪ್ಪು ಕಡಿಮಿ ಆಗೇತಿ, ಅತ್ತಿ.”

ಫಕ್ಕೀರವ್ವ ಎದ್ದು ಒಳಗೆ ಹೋಗಿ ಉಪ್ಪು ತಂದಳು.