ಎಡಚನ ಕೋವಿ

ಕೊಡಗಿನ ಒಂದು ಮನೆಯ ಗೋಡೆಯ ಮೇಲೆ ಎರಡು ಬೇಟೆ ಕೋವಿಗಳಿದ್ದವು. ಒಂದು ಅಂಗಡಿಯಿಂದ ತಂದದ್ದು. ಇನ್ನೊಂದನ್ನು ಯಜಮಾನ ಪಳಂಗಪ್ಪ ತನ್ನ ಅಳತೆಗೇ ಮಾಡಿಸಿದ್ದ. ಅವನು ಎಡಚನಾದ್ದರಿಂದ, ಒಂದು ಗುಂಡು ಹಾರಿದ ಮೇಲೆ ಮುಂದಿನದನ್ನು ಏರಿಸಲು ಎಳೆಯುವ ಹಿಡಿ, ಅಂದರೆ ಬೋಲ್ಟ್ ಕೂಡ, ಅದರಲ್ಲಿ ಎಡಕ್ಕಿತ್ತು.

"ನೀನು ಯಾರ ಕೈಗಾದರೂ ಒಗ್ಗುವವಳು," ಎನ್ನುತ್ತಿತ್ತು ಅಳತೆಯ ಕೋವಿ. "ನಾನು ಒಬ್ಬನಿಗಾಗಿಯೇ ಹುಟ್ಟಿದವಳು."

"ಹೌದಕ್ಕ," ಎನ್ನುತ್ತಿತ್ತು ಅಂಗಡಿಯ ಕೋವಿ.

ಒಂದು ಬೆಳಿಗ್ಗೆ ಪಳಂಗಪ್ಪ ತೀರಿಕೊಂಡ. ಅಲ್ಲಿ ಸಾವಾದರೆ ಬೆನ್ನುಬೆನ್ನಿಗೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರೆ. ಗಂಡುಮಗು ಹುಟ್ಟಿದರೆ ಒಂದೇ ಗುಂಡು.

"ಇದು ನನ್ನ ಕೆಲಸ," ಎಂದಿತು ಅಳತೆಯ ಕೋವಿ. ಮಗ ಬೋಪಣ್ಣನೂ ಅದನ್ನೇ ಎತ್ತಿಕೊಂಡು ಅಂಗಳಕ್ಕಿಳಿದ. ಒಂದು ಗುಂಡು ಹಾರಿತು. ಎರಡನೆಯದಕ್ಕೆ ಅವನ ಬಲಗೈ ಬೋಲ್ಟನ್ನು ಬಲಗಡೆ ಹುಡುಕಿತು, ಸಿಗಲಿಲ್ಲ. ಅಷ್ಟರಲ್ಲಿ ಪಕ್ಕದ ತೋಟದಿಂದ ಯಾರೋ ಖುಷಿಯಿಂದ ಕೂಗಿದರು: "ಗಂಡುಮಗುವಾ, ಬೋಪಣ್ಣ?"

ಬೋಪಣ್ಣ ಒಳಗೆ ಬಂದು ಆ ಕೋವಿಯನ್ನು ಗೋಡೆಗೆ ತೂಗುಹಾಕಿ, ಅಂಗಡಿಯದನ್ನು ಒಯ್ದು ಎರಡು ಗುಂಡು ಹಾರಿಸಿದ. ಊರಿಗೆ ತಿಳಿಯಿತು.

"ಜನ ಬರುತ್ತಿದ್ದಾರೆ, ಅಕ್ಕ," ಎಂದಿತು ಹಿಂದಿರುಗಿದ ಅಂಗಡಿಯ ಕೋವಿ.

"ಬರಲಿ, ತಂಗಿ. ಯಜಮಾನನ ಎರಡನೆಯ ಗುಂಡು ಮಾತ್ರ ನನ್ನೊಳಗೇ ಉಳಿದುಹೋಯಿತು."