ಸಾವಿರ ಗಾಲಿಗೆ ಒಂದು ನಿಂಬೆಹಣ್ಣು

ಅಳಿವೆಪುರದ ಬೀದಿಬೀದಿಯಲ್ಲಿ ಡಂಗುರ ಹೊಡೆಸಿದರು: "ಕೇಳ್ರಪ್ಪೋ ಕೇಳ್ರಿ! ರಾಜಕುಮಾರಿ ಚೆನ್ನಾಜಿಯವರ ಮೂರು ಒಗಟು ಬಿಡಿಸಿದವನಿಗೆ ಅರ್ಧ ರಾಜ್ಯ ಕೊಟ್ಟು ಅವರನ್ನೇ ಮದುವೆ ಮಾಡಿಕೊಡಲಾಗುವುದು. ಒಂದು ತಪ್ಪಿದರೂ ತಲೆದಂಡ. ದೊರೆಯ ಅಪ್ಪಣೆ!"

ಈ ಸುದ್ದಿ ಕೋರೆಘಟ್ಟ ಹತ್ತಿ ಬೀರನ ಕಿವಿಗೂ ಬಿತ್ತು. ಬೀರ ಅಂದರೆ ಘಟ್ಟದ ನಡುವಿನ ಗಾಲಿಚೌಡಿ ಗುಡಿಯ ಮುಂದೆ ನಿಂಬೆಹಣ್ಣು ಮಾರುವವನು. ಬಂದರಿನಿಂದ ಮೇಲಿನ ಸೀಮೆಗೆ ಹೋಗಲು ಇದ್ದದ್ದು ಅದೊಂದೇ ಹೆದ್ದಾರಿ. ಗಾಡಿ ಯಾವುದೇ ಇರಲಿ, ಗುಡಿಯ ಮುಂದೆ ನಿಲ್ಲಬೇಕು, ಗಾಲಿಯಡಿ ನಿಂಬೆಹಣ್ಣು ಇಡಬೇಕು, ಅದನ್ನು ತುಳಿಸಿಯೇ ಮುಂದೆ ಹೋಗಬೇಕು. ಹಾಗೆ ಒಂದೊಂದು ಗಾಡಿ ನಿಂತಾಗಲೂ ಹಿಂದಿನ ಸಾಲು ಬೆಳೆಯುತ್ತಿತ್ತು. ಸಾಲು ಬೆಳೆದಷ್ಟೂ ಬೀರನಿಗೆ ವ್ಯಾಪಾರ. ಆದರೆ ಹೋದ ಹುಣ್ಣಿಮೆಗೆ ಅವನ ಹೆಂಡತಿ ಸುಕ್ರಿ ತೀರಿಕೊಂಡಳು. ಅಂದಿನಿಂದ ಬುಟ್ಟಿ ಬೋರಲು ಬಿದ್ದಿತ್ತು.

ಅವನಿಗೆ ರಾಜಕುಮಾರಿಯೂ ಬೇಡ, ರಾಜ್ಯವೂ ಬೇಡ. ದೊರೆಗೆ ಒಂದು ಮಾತು ಹೇಳಬೇಕಿತ್ತು. ಒಗಟು ಬಿಡಿಸುತ್ತೇನೆ ಅನ್ನದೆ ಬಡವನನ್ನು ಅರಮನೆ ಒಳಗೆ ಬಿಡುವವರು ಯಾರು? ತಲೆ ಹೋದರೆ ಹೋಯಿತು, ಇಟ್ಟುಕೊಂಡು ಮಾಡುವುದಾದರೂ ಏನು ಅಂದುಕೊಂಡು ಹೊರಟ.

ಅವನಿಗಿಂತ ಮೊದಲೇ ಇಬ್ಬರು ಬಂದು ಕೂತಿದ್ದರು. ಚೆನ್ನಾಜಿ ಮೊದಲ ಒಗಟು ಹೇಳಿದಳು. "ಅವನ ಬಾಯಿ ತೆರೆದೇ ಇರುತ್ತದೆ. ತಿಂದು ತಿಂದು ಹೊಟ್ಟೆ ಉಬ್ಬಿದೆ, ಮನೆಮಂದಿ ಮಾತ್ರ ಉಪವಾಸ. ಯಾರವನು?" ಮಂತ್ರಿಯ ಮಗ ಮೀಸೆ ತಿರುವಿ, ಹೆಬ್ಬಾವು ಅಂದ. ಅವನನ್ನು ಸೆರೆಗೆ ಎಳೆದೊಯ್ದರು. ಮರುದಿನ ತಲೆದಂಡ.

ಸಾಹುಕಾರನ ಮಗನಿಗೆ ಎರಡನೆಯದನ್ನು ಮೊದಲು ಬಿಡಿಸುವ ಆಸೆ. ಅದಕ್ಕೂ ರಾಜಕುಮಾರಿ ಒಪ್ಪಿದಳು. "ಅಗಲ ಮಾಡಿದಷ್ಟೂ ಇಕ್ಕಟ್ಟಾಗುವುದು ಯಾವುದು?" ಹುಡುಗ ಕಣ್ಣು ಮುಚ್ಚಿ ಯೋಚಿಸಿ, ಮನುಷ್ಯನ ಮನಸ್ಸು ಅಂದ. ಸಭೆ ತಲೆದೂಗಿತು, ಬೀರನಿಗೂ ಹೌದೆನಿಸಿತು. ಚೆನ್ನಾಜಿ ಮಾತ್ರ ಅಲ್ಲವೆಂದು ತಲೆಯಾಡಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನೂ ಸೆರೆ ಸೇರಿದ.

ಬೀರ ಮುಂದೆ ಬಂದು ಕೈಮುಗಿದ. ಮೊದಲನೆಯದು ನಮ್ಮ ಬಂದರು ಅಂದ. ಹಡಗುಗಟ್ಟಲೆ ಅಕ್ಕಿ ಬಂದು ದಕ್ಕೆಯಲ್ಲೇ ಮುಗ್ಗುತ್ತಿದೆ, ಘಟ್ಟದ ಮೇಲಿನವರು ಗಂಜಿಗೂ ಪರದಾಡುತ್ತಿದ್ದಾರೆ ಅಂದ. ಎರಡನೆಯದು ಕೋರೆಘಟ್ಟದ ಹೆದ್ದಾರಿ. ದೊರೆ ಅದನ್ನು ಎರಡು ಸಲ ಅಗಲ ಮಾಡಿಸಿದ್ದ. ದಾರಿ ಅಗಲವಾಯಿತಲ್ಲ ಅಂತ ಒಂದು ಗಾಡಿ ಇದ್ದವರು ಇನ್ನೊಂದು ಕಟ್ಟಿದರು, ಇಲ್ಲದವರೂ ಕಟ್ಟಿದರು. ಎರಡೂ ಸರಿ ಎಂದಳು ಚೆನ್ನಾಜಿ.

"ಹಾಗಾದರೆ ಕೊನೆಯದು. ಸಾವಿರ ಗಾಲಿ ಉರುಳುತ್ತವೆ, ಚೌಡಿಗೆ ಒಂದೇ ನಿಂಬೆಹಣ್ಣು ಸಾಕು. ಏನದು?"

ಬೀರ ಬಾಯಿ ತೆರೆದ, ಮಾತು ಹೊರಡಲಿಲ್ಲ. ಇವನ ಕತೆಯೂ ಮುಗಿಯಿತು ಅಂದುಕೊಂಡು ಕಾವಲಿನವರು ಎದ್ದರು.

"ಗೊತ್ತು ಒಡೆಯಾ," ಅಂದ ಬೀರ ದೊರೆಯ ಕಡೆ ತಿರುಗಿ. "ಗೊತ್ತಿರುವುದಕ್ಕೇ ಹೇಳೋಕೆ ಆಗ್ತಿಲ್ಲ. ರೈಲು. ನಿಮ್ಮ ತಂದೆ ಓಡಿಸಿದ ಗೂಡ್ಸ್ ರೈಲು. ಹಿಂದೆ ಎಷ್ಟೇ ಡಬ್ಬಿ ಇರಲಿ, ಎಂಜಿನ್ನಿಗೆ ಒಂದು ಹಣ್ಣು ಇಟ್ಟರೆ ಮುಗೀತು."

ರಾಜರ ಕಾಲದಲ್ಲಿ ರೈಲೆಲ್ಲಿತ್ತು ಅಂತ ನನ್ನನ್ನು ಕೇಳಬೇಡಿ. ಈ ಕತೆಯಲ್ಲಿತ್ತು, ಅಷ್ಟೇ. ಹಳೆಯ ದೊರೆ ಬಂದರಿನಿಂದ ಘಟ್ಟದ ಮೇಲಿನವರೆಗೂ ಕಂಬಿ ಹಾಕಿಸಿದ್ದ. ಅವನು ತೀರಿಕೊಂಡ ಮೇಲೆ, ನಮ್ಮ ಹೊಟ್ಟೆಯ ಮೇಲೆ ಹೊಡೆಯಬೇಡಿ ಅಂತ ಗಾಡಿಯವರು ಅರಮನೆ ಬಾಗಿಲಲ್ಲಿ ಕೂತು ಅತ್ತರು. ಮಗ, ಅಂದರೆ ಈಗಿನ ದೊರೆ, ರೈಲು ನಿಲ್ಲಿಸಿದ. ಅದನ್ನು ಮತ್ತೆ ಓಡಿಸೋಣವೆಂದು ಚೆನ್ನಾಜಿ ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಗಳ ಮಾತು ಕೇಳದವನು ಒಗಟಾದರೂ ಕೇಳಿಯಾನು ಅಂತ ಅವಳು ಈ ಉಪಾಯ ಹೂಡಿದ್ದಳು. ತಲೆದಂಡ ಸೇರಿಸಿದವನು ಅಪ್ಪ.

"ಅವತ್ತು ಅತ್ತವರಲ್ಲಿ ನಮ್ಮಜ್ಜನೂ ಇದ್ದ," ಅಂದ ಬೀರ. "ಒಂದು ರೈಲಿಗೆ ಒಂದೇ ಹಣ್ಣಾದರೆ ನಾವು ಉಣ್ಣೋದು ಏನು ಅಂತ. ಹೋದ ಹುಣ್ಣಿಮೆ ದಿನ ಗಾಡಿ ಸಾಲು ಕೆಳಗಿನ ತಿರುವಿನವರೆಗೂ ಇತ್ತು. ನನಗೆ ಖುಷಿಯೋ ಖುಷಿ. ಸಂಜೆ ಒಂದು ಗಾಡಿ ಬಂತು. ಮುಖ ನೋಡದೆ ಹಣ್ಣು ಚಾಚಿದೆ. ಹೊಡೆಯುತ್ತಿದ್ದವನು ನನ್ನ ಭಾವ. ಒಳಗೆ ಸುಕ್ರಿ ಇದ್ದಳು. ಹೆರಿಗೆ ಕಷ್ಟವಾಗಿ ತವರಿನಿಂದ ಮೇಲಿನ ಸೂಲಗಿತ್ತಿಯ ಹತ್ತಿರ ಕರೆದೊಯ್ಯುತ್ತಿದ್ದರು. ಬೆಳಗಿನಿಂದ ಸಾಲಿನಲ್ಲೇ ಇದ್ದರಂತೆ. ನಾನು ನೋಡುವಾಗ ಅವಳೂ ಇರಲಿಲ್ಲ, ಕೂಸೂ ಇರಲಿಲ್ಲ. ಅವಳ ದಾರಿ ಕಟ್ಟಿದವನು ನಾನೇ, ಒಡೆಯಾ."

ದೊರೆ ತಲೆ ತಗ್ಗಿಸಿದ. ಚೆನ್ನಾಜಿ ಪೀಠದಿಂದ ಇಳಿದು ಬಂದು, "ಬೀರಣ್ಣಾ, ಏನು ಬೇಕೋ ಕೇಳು" ಅಂದಳು. ಅಣ್ಣ ಅಂದ ಮೇಲೆ ಮದುವೆಯ ಮಾತೆಲ್ಲಿ?

ಅವನು ಕೇಳಿದ್ದು ಇಷ್ಟು: ಸೆರೆಯಲ್ಲಿರುವ ಹುಡುಗರನ್ನು ಬಿಡಿ, ಅವರ ಮನೆಯಲ್ಲೂ ಯಾರೋ ಕಾಯುತ್ತಿರುತ್ತಾರೆ. ಬಂದರಿನ ಸರಕೆಲ್ಲ ರೈಲಿನಲ್ಲಿ ಘಟ್ಟ ಹತ್ತಲಿ. ಗಾಡಿಯವರ ಅನ್ನ ಕಿತ್ತುಕೊಳ್ಳಬೇಡಿ, ನಿಲ್ದಾಣದಿಂದ ಊರೂರಿಗೆ ಮುಟ್ಟಿಸುವ ಕೆಲಸ ಅವರಿಗಿರಲಿ. ದೊರೆ ಎಲ್ಲಕ್ಕೂ ಒಪ್ಪಿದ. ಅರ್ಧ ರಾಜ್ಯ ಬೇಡವೆಂದವನಿಗೆ ಗುಡಿಯ ಪಕ್ಕದಲ್ಲಿ ಮನೆ, ಗದ್ದೆ ಕೊಟ್ಟ. ಎಂಜಿನ್ನಿಗೆ ಹಣ್ಣಿಡುವ ಮರ್ಯಾದೆಯನ್ನೂ ಕೊಟ್ಟ.

ಮುಳ್ಳುಪೊದೆ ಕಡಿಸಿ ಕಂಬಿ ಸರಿಮಾಡಿದ ಮೇಲೆ ಮೊದಲ ರೈಲು ಬಂತು. ಬೀರ ಹಣ್ಣಿಟ್ಟ. ಅದು ಅಪ್ಪಚ್ಚಿಯಾಯಿತು, ಹಿಂದೆಯೇ ಅಕ್ಕಿ, ಉಪ್ಪು, ಕಬ್ಬಿಣ ಹೊತ್ತ ಡಬ್ಬಿಗಳೆಲ್ಲ ಸಾಗಿಹೋದವು. ಜನ ಕೇಕೆ ಹಾಕಿದರು.

ಮಧ್ಯಾಹ್ನ ಬರಿದಾದ ಹೆದ್ದಾರಿಯಲ್ಲಿ ಒಂದೇ ಒಂದು ಗಾಡಿ ಬಂತು. ಒಳಗೆ ಹೆಣ್ಣೊಬ್ಬಳು ನೋವು ತಿನ್ನುತ್ತಿದ್ದಳು. ಗಾಡಿಯವನು ಗುಡಿಯ ಮುಂದೆ ಹಗ್ಗ ಜಗ್ಗಿ, ಹಣ್ಣಿಗಾಗಿ ಕೈ ಚಾಚಿದ.

"ನಿಲ್ಲಿಸಬೇಡ ತಮ್ಮಾ, ಹೋಗು," ಅಂದ ಬೀರ. "ಚೌಡಿಗೆ ನಾನು ಹೇಳ್ತೀನಿ."

ಗಾಡಿ ತಿರುವು ದಾಟಿ ಮರೆಯಾಗುವವರೆಗೂ ನೋಡಿದ. ಆಮೇಲೆ ಬೋರಲು ಬಿದ್ದ ಬುಟ್ಟಿಯ ಪಕ್ಕ ಕೂತು, ಸುಕ್ರಿಯ ಹೆಸರು ಕರೆದು ಅತ್ತ.