ಮುಕ್ಕಾಲಿಯ ಮೇಲೆ ಅಮ್ಮನ ಕೈ

ಮೌನೇಶಾಚಾರ್ ಮೇಷ್ಟ್ರು ಒಂದು ಬೆಳಿಗ್ಗೆ ನನಗೆ ಫೋನ್ ಮಾಡಿದರು.

"ಕೊಟ್ರನ ಮನೆಗೆ ಹೋಗಿ ಬರೋಣ, ಬಾ."

"ಏನು ವಿಶೇಷ, ಮೇಷ್ಟ್ರೇ?"

"ಕಾಳಮ್ಮನ ಕೈ ನೋಡಬೇಕು ಅನ್ನಿಸ್ತಿದೆ."

ಕಾಳಮ್ಮ ಅಂದರೆ ಮೇಷ್ಟ್ರ ಹೆಂಡತಿ, ನಮಗೆಲ್ಲ ಅಮ್ಮ. ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಆದರೂ ಯಾವ ಕೈ ಅಂತ ನಾನು ಕೇಳಲಿಲ್ಲ. ಆ ಚಿತ್ರಶಾಲೆಯಲ್ಲಿ ಕಲಿತ ಯಾರೂ ಕೇಳುತ್ತಿರಲಿಲ್ಲ.

ಹೊಳೆದಂಡೆಯಲ್ಲಿ ಒಂದು ಹೆಂಚಿನ ಶೆಡ್ಡು, ಅದೇ ನಮ್ಮ ಚಿತ್ರಶಾಲೆ. ಕಿಟಕಿ ಪಕ್ಕ ಚಿತ್ರ ಇಟ್ಟು ಬರೆಯುವ ಮೂರು ಕಾಲಿನ ಸ್ಟ್ಯಾಂಡು. ಹೊರಗಿನವರು ಈಸಲ್ ಅಂತಾರೆ, ನಾವು ಮುಕ್ಕಾಲಿ ಅಂತಿದ್ದೆವು. ಕುಂಚ ಒರೆಸಿಕೊಳ್ಳಿ ಅಂತ ಮೇಷ್ಟ್ರು ಬಟ್ಟೆ ಕೊಟ್ಟಿದ್ದರು. ನಾವು ಒರೆಸುತ್ತಿದ್ದದ್ದು ಮುಕ್ಕಾಲಿಗೇ. ಮೂವತ್ತು ವರ್ಷದ ಬಣ್ಣ ಅದರ ಮೈಮೇಲಿತ್ತು. ಅದರಲ್ಲಿ ನನ್ನ ಹಸಿರೂ ಇತ್ತು.

"ಮುಕ್ಕಾಲಿ ಮೇಲಿರೋದು ಮುಕ್ಕಾಲೇ ಚಿತ್ರ ಕಣ್ರೋ" ಅಂತಿದ್ದರು ಮೇಷ್ಟ್ರು. "ಉಳಿದ ಕಾಲು ಬರೆಯೋನದ್ದು. ಮುಗಿದರೆ ಗೋಡೆಗೆ ಹಾಕಿ."

ಒಂದು ಮಧ್ಯಾಹ್ನ ಹೊಳೆ ಕಡೆಯಿಂದ ಜೋರು ಗಾಳಿ ಬಂದು ಮುಕ್ಕಾಲಿ ಚಿತ್ರದ ಸಮೇತ ವಾಲಿತು. ಚಿತ್ರಾನ್ನ ಕಲಸುತ್ತಿದ್ದ ಅಮ್ಮ ಹಾಗೇ ಓಡಿ ಬಂದು ಅದರ ಬಲಗಡೆಯ ಕಾಲು ಹಿಡಿದುಕೊಂಡರು. ಎಣ್ಣೆ, ಅರಿಶಿನ, ಐದು ಬೆರಳು. ಆ ಗುರುತು ಮತ್ತೆ ಹೋಗಲೇ ಇಲ್ಲ.

ಬಸ್ಸಿನಲ್ಲಿ ನಾನು ಕೇಳಿದೆ, "ಮನೇಲಿ ಅಮ್ಮನ ಫೋಟೋ ಒಂದೂ ಇಲ್ಲವಾ?"

"ವೋಟರ್ ಕಾರ್ಡಿನಲ್ಲಿದೆ. ಮುಖ ಮಾತ್ರ. ಅದೂ ನನ್ನ ಮೇಲೆ ಸಿಟ್ಟು ಮಾಡಿಕೊಂಡ ಹಾಗಿದೆ."

ಟಿಕೆಟ್ಟನ್ನು ಜೇಬಿಗೆ ಹಾಕಿಕೊಂಡು ಅಂದರು, "ಒಂದು ಕಣ್ಣು ಮಂಜಾಗಿದೆ. ಇನ್ನೊಂದು ಇರೋವಾಗಲೇ ನೋಡಿಬಿಡಬೇಕು."

ಕೊಟ್ರೇಶ ನಮ್ಮಲ್ಲೆಲ್ಲ ಗಟ್ಟಿಗ. ಎಡಚ. ಎಡಗೈಯಲ್ಲಿ ಅವನು ಎಳೆದ ಗೆರೆ ನೋಡಿ ನಾವು ಹೊಟ್ಟೆಕಿಚ್ಚು ಪಟ್ಟಿದ್ದಿದೆ. ಅಮ್ಮ ನಮಗೆ ಕೈತುತ್ತು ಹಾಕುವ ಚಿತ್ರ ಬರೆಯೋಕೆ ಶುರು ಮಾಡಿದ್ದ. ಮುಖ ಬಂತು, ಸೀರೆ ಬಂತು, ಬೋಗುಣಿ ಬಂತು. ತುತ್ತು ಹಾಕುವ ಕೈ ಬರಲಿಲ್ಲ. ಅಮ್ಮನ ಕೈ ಒಂದು ಕಡೆ ನಿಲ್ಲುತ್ತಿದ್ದರೆ ತಾನೇ.

ಅಷ್ಟರಲ್ಲಿ ಊರಿಗೆ ಫ್ಲೆಕ್ಸ್ ಬಂತು. ಬೋರ್ಡು ಬರೆಯುತ್ತಿದ್ದ ಕೊಟ್ರ ಫ್ಲೆಕ್ಸ್ ಮಿಷನ್ನು ಹಾಕಿದ, ಕುಂಚ ಕೆಳಗಿಟ್ಟ. ಚಿತ್ರ ಮುಕ್ಕಾಲಿಯ ಮೇಲೇ ಉಳಿಯಿತು. ಅಮ್ಮ ಹೋದ ಮೇಲೆ ಮೇಷ್ಟ್ರು ಚಿತ್ರಶಾಲೆ ಮುಚ್ಚಿ, ಎರಡನ್ನೂ ಅವನ ಮನೆಗೆ ಕಳಿಸಿದರು. "ಮುಗಿಸಿ ಗೋಡೆಗೆ ಹಾಕು" ಅಂತ ಒಂದು ಚೀಟಿ ಬರೆದಿಟ್ಟಿದ್ದರು.

ಕೊಟ್ರನ ಹೊಸ ಮನೆ ದಾವಣಗೆರೆಯಲ್ಲಿ. ಬಾಗಿಲಲ್ಲೇ ಮೇಷ್ಟ್ರ ಕಾಲಿಗೆ ಬಿದ್ದ. ಕೈ ಹಿಡಿದು ನೇರ ಹಾಲಿಗೆ ಕರೆದುಕೊಂಡು ಹೋದ.

ಮೂಲೆಯಲ್ಲಿ ಮುಕ್ಕಾಲಿ ನಿಂತಿತ್ತು. ಅದರ ಮೇಲೆ ಅಮ್ಮನ ಚಿತ್ರ, ಚಿತ್ರದ ಮೇಲೆ ಬೀಳುವ ಹಾಗೆ ಸೀಲಿಂಗಿನಿಂದ ಒಂದು ಲೈಟು.

"ಗೋಡೆಗೆ ಮೊಳೆ ಹೊಡೆಯೋದೆಲ್ಲ ಹಳೇದಾಯ್ತಂತೆ, ಮೇಷ್ಟ್ರೇ. ಇಂಟೀರಿಯರ್ ಮಾಡಿದವರು ಹೇಳಿದರು, ಚಿತ್ರಾನ ಈಸಲ್ ಮೇಲೇ ಇಟ್ಟರೆ ಹಾಲಿಗೆ ಒಂದು ಕಳೆ ಬರುತ್ತೆ ಅಂತ. ಬಂದವರೆಲ್ಲ ಮೊದಲು ಇಲ್ಲೇ ನಿಲ್ತಾರೆ. ಕೈ ಬರೆಯದೇ ಬಿಟ್ಟಿದ್ದೇ ಚೆಂದ ಅಂತಾರೆ."

ಮೇಷ್ಟ್ರು ಕನ್ನಡಕ ಹಾಕಿಕೊಂಡು ಹತ್ತಿರ ಹೋದರು. ಮುಕ್ಕಾಲಿಯ ಬಲಗಾಲನ್ನು ಮೇಲಿಂದ ಕೆಳಗೆ ಸವರಿದರು. ಕೆಳಗಿಂದ ಮೇಲೆ ಮತ್ತೆ ಸವರಿದರು.

"ಇದು ನಮ್ಮದೇನಾ?"

"ನಿಮ್ಮದೇ, ಮೇಷ್ಟ್ರೇ. ತುಂಬ ಗಲೀಜಾಗಿತ್ತು. ಬಡಗಿ ಕರೆಸಿ ಉಜ್ಜಿಸಿ, ಸೋಫಾಕ್ಕೆ ಹೊಂದೋ ಹಾಗೆ ಪಾಲಿಶ್ ಹಾಕಿಸಿದೆ. ಎರಡು ದಿನ ಹಿಡೀತು."

ನನಗೆ ತಡೆಯೋಕೆ ಆಗಲಿಲ್ಲ.

"ಲೇ ಕೊಟ್ರ, ಅಮ್ಮನ ಕೈ ಇತ್ತಲ್ಲೋ ಅದರ ಮೇಲೆ."

ಕೊಟ್ರ ಮುಕ್ಕಾಲಿ ನೋಡಿದ, ನನ್ನನ್ನು ನೋಡಿದ. ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

"ನಾನು ಫ್ಲೆಕ್ಸ್ ಪ್ರೆಸ್ಸಿನಲ್ಲಿದ್ದೆ. ಬಡಗಿ ಅದನ್ನೂ ಕಲೆ ಅಂದ್ಕೊಂಡ." ಆಮೇಲೆ ಮೆಲ್ಲಗೆ ಕೇಳಿದ, "ಮೇಷ್ಟ್ರೇ, ಅದನ್ನೇ ನೋಡೋಕೆ ಬಂದಿರಾ?"

"ಹೂಂ."

ಗೆರೆ ಸೊಟ್ಟಗಾದರೆ ಕುಂಚ ಬೀಸಿ ಹೊಡೆಯುತ್ತಿದ್ದ ಮನುಷ್ಯ ಸುಮ್ಮನೆ ನಿಂತಿದ್ದು ನೋಡಿ ನನಗೇ ಸಂಕಟವಾಯಿತು.

"ಬೈಯಿರಿ, ಮೇಷ್ಟ್ರೇ."

"ಹಸಿವಾಗಿದೆ" ಅಂದರು ಮೇಷ್ಟ್ರು. ಅಡುಗೆಮನೆ ಕಡೆ ತಿರುಗಿ, "ಏನಿದೆ, ತಾಯಿ?" ಅಂತ ಕೇಳಿದರು.

ಕೊಟ್ರನ ಹೆಂಡತಿ ಶಶಿಕಲಾ ಹೊರಗೆ ಬಂದಳು. "ಹೋಳಿಗೆ ಮಾಡ್ತಿದ್ದೀನಿ, ಇನ್ನರ್ಧ ಗಂಟೆ."

"ಬೆಳಿಗ್ಗೆ ಏನು ಮಾಡಿದ್ದೆ?"

"ಚಿತ್ರಾನ್ನ. ಸ್ವಲ್ಪ ಉಳಿದಿದೆ. ಅದನ್ನ ನಿಮಗೆ ಹೇಗೆ ಕೊಡಲಿ?"

"ಬೋಗುಣಿ ಸಮೇತ ತಂದುಕೊಡು."

ಮೇಷ್ಟ್ರು ಮುಕ್ಕಾಲಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. ಬೋಗುಣಿಯನ್ನು ತೊಡೆಯ ಮೇಲಿಟ್ಟುಕೊಂಡು ಚಿತ್ರಾನ್ನ ಮತ್ತೊಮ್ಮೆ ಕಲಸಿದರು.

"ಕೊಟ್ರ, ಕೈ ಒಡ್ಡು."

ಐವತ್ತು ದಾಟಿದ ಕೊಟ್ರ ಬಲಗೈ ಒಡ್ಡಿದ.

"ಎಡಗೈ ಒಡ್ಡಲಿಲ್ಲ ನೋಡು. ಕಾಳಮ್ಮನ ಮೊಟಕು ಇನ್ನೂ ಜ್ಞಾಪಕ ಇದೆ ಅನ್ನು."

ಮೇಷ್ಟ್ರು ಒಂದು ತುತ್ತು ಅವನ ಅಂಗೈಗೆ ಹಾಕಿದರು. ಅದು ಉದುರುದುರಾಗಿ ಬಿತ್ತು.

"ಹೀಗಾ ಹಾಕ್ತಿದ್ದಳು?"

"ಇಲ್ಲ ಮೇಷ್ಟ್ರೇ. ಅಮ್ಮ ಉಂಡೆ ಮಾಡಿ ಕೈಗಿಡೋರು. ಇಟ್ಟು ಒತ್ತೋರು."

"ಯಾವುದರಲ್ಲಿ?"

"ಹೆಬ್ಬೆರಳಲ್ಲಿ. ಒಂದು ಗುಳಿ ಮಾಡಿ ಉಪ್ಪಿನಕಾಯಿ ರಸ ಬಿಡೋರು."

"ಕಿರುಬೆರಳು?"

"ಅದು ಮೇಲಕ್ಕೇ ಇರ್ತಿತ್ತು. ಬಾವಿ ಹಗ್ಗಕ್ಕೆ ಸಿಕ್ಕಿದ ಮೇಲೆ ಮಡಚೋಕೆ ಬರ್ತಿರಲಿಲ್ಲವಲ್ಲ."

"ಬಳೆ?"

"ಎರಡು, ಗಾಜಿಂದು. ಊಟಕ್ಕೆ ಹಾಕೋವಾಗ ಮೊಣಕೈ ಕಡೆ ಸರಿಸಿಕೊಳ್ಳೋರು. ಮತ್ತೆ ಜಾರಿ ಬರ್ತಿದ್ದವು. ಮತ್ತೆ ಸರಿಸೋರು."

ಕೇಳುತ್ತ ಕೇಳುತ್ತ ನನಗೆ ಬಾಯಲ್ಲಿ ಆ ಉಪ್ಪಿನಕಾಯಿ ರಸ ಬಂದ ಹಾಗಾಯಿತು.

"ಇಷ್ಟು ಗೊತ್ತಿಟ್ಟುಕೊಂಡು ಸುಮ್ಮನೆ ಲೈಟು ಹಾಕಿಟ್ಟಿದ್ದೀಯಲ್ಲೋ" ಅಂದರು ಮೇಷ್ಟ್ರು.

ಕೊಟ್ರ ತುತ್ತನ್ನು ಬಾಯಿಗೆ ಹಾಕಿಕೊಂಡ. ಕೈ ತೊಳೆಯಲಿಲ್ಲ. ಟೀಪಾಯಿಯ ಮೇಲಿದ್ದ ಪೆನ್ಸಿಲನ್ನು ಎಡಗೈಯಲ್ಲಿ ತೆಗೆದುಕೊಂಡು ಮುಕ್ಕಾಲಿಯ ಮುಂದೆ ನಿಂತ.

ಹದಿನೈದು ವರ್ಷ ಗೆರೆ ಎಳೆಯದ ಕೈ. ಮೊದಲ ಗೆರೆ ಸೊಟ್ಟಗಾಯಿತು. ಅದರ ಪಕ್ಕದಲ್ಲೇ ಇನ್ನೊಂದು ಎಳೆದ. ಹೆಬ್ಬೆರಳು ಬಂತು, ಎದ್ದು ನಿಂತ ಕಿರುಬೆರಳು ಬಂತು. ಬಳೆಗೆ ಬಂದಾಗ ಕೈ ಬಿಸಿಯಾಗಿತ್ತೋ ಏನೋ, ಒತ್ತಿ ಎಳೆದ.

ನುಣುಪಾದ ಟೈಲ್ಸಿನ ಮೇಲೆ ಮುಕ್ಕಾಲಿ ಜಾರಿತು. ಚಿತ್ರದ ಸಮೇತ ವಾಲಿತು. ಕೊಟ್ರ ಬಲಗೈ ಚಾಚಿ ಅದರ ಬಲಗಾಲು ಹಿಡಿದುಕೊಂಡ.

ಚಿತ್ರ ಬೀಳಲಿಲ್ಲ. ಅವನು ಮೆಲ್ಲಗೆ ಅದನ್ನು ಸರಿಯಾಗಿ ನಿಲ್ಲಿಸಿ ಕೈ ತೆಗೆದ. ಕಾಫಿ ಬಣ್ಣದ ಪಾಲಿಶ್ ಮೇಲೆ ಎಣ್ಣೆ, ಅರಿಶಿನ, ಐದು ಬೆರಳು.

"ಅಯ್ಯೋ, ಪಾಲಿಶ್" ಅಂತ ಶಶಿಕಲಾ ಬಟ್ಟೆ ತಂದುಕೊಟ್ಟಳು. ಕೊಟ್ರ ಅದನ್ನು ತೆಗೆದುಕೊಂಡು ಬಗ್ಗಿದ.

ಮೇಷ್ಟ್ರು ಬೋಗುಣಿ ಕೆಳಗಿಟ್ಟು, ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಒರೆಸಬೇಡ ಕಣೋ. ಅವಳೂ ಅಲ್ಲೇ ಹಿಡಿದಿದ್ದು."